ಕುರ್ಚಿಯ ಬಲತೋಳು

ನನ್ನ ಚಿಕ್ಕಮ್ಮನ ಮಗ ಅಂದು ಕತ್ತಲಾದ ಮೇಲೆ ಬಾವಿ ಪಕ್ಕದ ದಾರಿ ಹಿಡಿದದ್ದೇ ತಪ್ಪು ಎಂದು ನಮ್ಮವರೆಲ್ಲ ಹೇಳುತ್ತಾರೆ. ಬಾವಿಗೂ ಅದಕ್ಕೂ ಸಂಬಂಧವಿಲ್ಲ. ತಪ್ಪು ಅವನ ಹೆಗಲ ಚೀಲದಲ್ಲಿತ್ತು. ಹೇಳುತ್ತೇನೆ... ನಡುವೆ ಯಾರೂ ಬಾಯಿ ಹಾಕಬೇಡಿ.

ಅವನು ಚಿತ್ರ ಬರೆಯುವವನು. ಹಳೆಯ ಕಾಲದ ಕೆತ್ತನೆಯ ಕುರ್ಚಿ, ಮಂಚ, ಅಲಂಕಾರದ ಕೋಣೆಗಳನ್ನು ಹಳೆ ಸಾಮಾನು ಮಾರುವವರ ಪುಸ್ತಕಗಳಿಗೆ ಬರೆದುಕೊಡುತ್ತಿದ್ದ. ಕೆತ್ತಿದ ಎಲೆಯ ಒಂದು ನರವನ್ನೂ ಬಿಡುವವನಲ್ಲ. ಬಲಗೈಯೇ ಅವನ ಆಸ್ತಿ. ಪೆನ್ನು ಹಿಡಿದು ಹಿಡಿದು ನಡುಬೆರಳಲ್ಲಿ ಗಂಟು ಬಿದ್ದಿತ್ತು. ಆದರೆ ಒಂದು ಸೋಮಾರಿತನವಿತ್ತು. ಅರ್ಧ ಮಾತ್ರ ನೋಡಿ ಬರೆಯುವುದು. ಮನೆಗೆ ಬಂದು ತೆಳುಕಾಗದದಲ್ಲಿ ನಕಲು ತೆಗೆದು, ಮಗುಚಿ, ಇನ್ನರ್ಧಕ್ಕೆ ಒತ್ತುವುದು. ಕೆತ್ತನೆ ಎರಡೂ ಕಡೆ ಒಂದೇ ತಾನೇ?

ಅಂದು ಹೋದದ್ದು ಒಡತಿ ತೀರಿಕೊಂಡು ತಿಂಗಳೂ ತುಂಬದ ಮನೆಗೆ. ಬಲಭಾಗಕ್ಕೆ ಲಕ್ವ ಹೊಡೆದು, ಆಕೆ ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದಳು. ಎಡಗೈ ಊರುತ್ತಿದ್ದ ತೋಳಿನಲ್ಲಿ ಪಾಲಿಶ್ ಸವೆದು, ಐದು ಬೆರಳಿನ ಗುರುತು ಬಿಳಿಯಾಗಿ ಕಾಣುತ್ತಿತ್ತು. ಬಲತೋಳು ಮಾತ್ರ ಹೊಸದರ ಹಾಗೆ ಮಿರಮಿರ.

ಮನೆ ಕಾಯುವ ಮುದುಕಿ ಪಿಸುಗುಟ್ಟಿದಳು. “ಎರಡೂ ಕಡೆ ನೋಡಿ ಬರೀರಿ ಸ್ವಾಮಿ.”

“ಯಾಕಜ್ಜಿ, ಆ ಕಡೆ ಕೋಪ ಮಾಡ್ಕೊಳ್ಳತ್ತಾ?”

“ಅಮ್ಮಾವ್ರು ಕೊನೇ ತನಕ ಆ ಬಲಗೈ ವಾಪಸ್ ಕೇಳ್ತಾನೇ ಇದ್ರು...”

“ಕತ್ತಲಾಯ್ತು. ಮಿಕ್ಕಿದ್ದು ಮನೇಲಿ.”

ಎಡದ ಅರ್ಧ ಬರೆದುಕೊಂಡು, ಹಾಳೆಯನ್ನು ಹೆಗಲ ಚೀಲಕ್ಕೆ ಹಾಕಿ ಹೊರಟ. ಬಾವಿ ದಾಟಿದ ಮೇಲೆ ಬೆನ್ನ ಹಿಂದೆ ಸದ್ದು. ಟಕ್... ಸರ್ರ್... ಟಕ್... ಸರ್ರ್... ಒಂದು ಕಾಲು ಊರಿ, ಇನ್ನೊಂದನ್ನು ಎಳೆದ ಹಾಗೆ. ಇವನು ನಿಂತ. ಅದೂ ನಿಂತಿತು. ತಿರುಗಿದರೆ ಯಾರೂ ಇಲ್ಲ.

ಬಾಗಿಲು ತೆರೆದ ಹೆಂಡತಿ ಕೇಳಿದಳು. “ಯಾರ್ರೀ ಅದು, ಹಿಂದೆ?”

“ಯಾರೂ ಇಲ್ಲ. ಬಾಗಿಲು ಹಾಕು.”

ಊಟಕ್ಕೂ ಏಳದೆ ಮೇಜಿಗೆ ಕೂತ. ಹೊರಗೆ ಜಗುಲಿಯ ಮೇಲೆ... ಟಕ್... ಸರ್ರ್...

“ನಾಳೆ ಬರೀರಿ. ಕೈ ಮುಗೀತೀನಿ.”

“ಬೆಳಿಗ್ಗೆ ಕೊಡ್ಬೇಕು ಕಣೇ. ಹತ್ತು ನಿಮಿಷದ ಕೆಲಸ.”

ತೆಳುಕಾಗದ ಮಗುಚಿದ. ಒತ್ತಿದ. ಎಲೆ, ಬಳ್ಳಿ, ತೋಳು... ಆ ತೋಳಿನ ಮೇಲೆ ಸವೆದ ಬೆರಳ ಗುರುತುಗಳೂ ಬಂದವು. ಬಲತೋಳಿನಲ್ಲಿ ಅವು ಇರಲಿಲ್ಲ ಎಂಬುದು ಅವನಿಗೆ ನೆನಪೇ ಆಗಲಿಲ್ಲ. ಐದನ್ನೂ ಮಸಿಯಲ್ಲಿ ತಿದ್ದಿದ. ಕಿರುಬೆರಳು ಮುಗಿಯಿತು.

ಹೊರಗೆ ಸದ್ದು ನಿಂತಿತು.

ಆಮೇಲೆ... ಟಕ್ ಟಕ್, ಟಕ್ ಟಕ್. ಎರಡೂ ಕಾಲು. ಚುರುಕಾಗಿ ಮೆಟ್ಟಿಲಿಳಿದು, ಬೀದಿಗೆ ಸಾಗಿ, ದೂರವಾಯಿತು.

“ಹೋಯ್ತು... ಅಲ್ವೇನ್ರೀ?”

ಪೆನ್ನು ಮೇಜಿನಿಂದ ಉರುಳಿ ಟಣ್ ಎಂದು ನೆಲಕ್ಕೆ ಬಿತ್ತು. ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ.

“ಎತ್ತಕ್ಕಾಗ್ತಿಲ್ಲ ಕಣೇ.”

ಮೂರು ವರ್ಷವಾಯಿತು. ಡಾಕ್ಟರು ನರ ಎಂದರು, ಮಾತ್ರೆ ಕೊಟ್ಟರು. ಎಡಗೈಯಲ್ಲಿ ಬ್ಲೇಡು ಹಿಡಿದು ಚಿತ್ರದ ಆ ಅರ್ಧವನ್ನು ಕಾಗದ ಹರಿಯುವ ತನಕ ಕೆರೆದ. ಏನೂ ಆಗಲಿಲ್ಲ. ಈಗ ದಿನವಿಡೀ ಕಿಟಕಿ ಬಳಿ ಕೂತಿರುತ್ತಾನೆ, ಎಡಗೈ ಕುರ್ಚಿಯ ತೋಳಿನ ಮೇಲಿಟ್ಟು. ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕು.

ಕೇಳಿದ ಮಾತನ್ನು ನಂಬುವ ಅಭ್ಯಾಸ ನನಗಿಲ್ಲ. ಹೋದ ತಿಂಗಳು ಆ ಕುರ್ಚಿ ಕೊಂಡವರ ಮನೆಗೆ ನಾನೇ ಹೋದೆ. ತಂದಾಗಿನಿಂದ ಬೀಗ ಹಾಕಿದ ಕೋಣೆಯಲ್ಲಿದೆ, ಯಾರೂ ಕೂತಿಲ್ಲ ಎಂದರು. ಬಲತೋಳಿನಲ್ಲಿ ಐದು ಬೆರಳಿನ ಗುರುತು ಬಿಳಿಯಾಗಿ ಸವೆದಿತ್ತು. ಧೂಳಿರಬಹುದೆಂದು ಕರವಸ್ತ್ರದಿಂದ ಒರೆಸಿದೆ. ಧೂಳಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ.

ನಡುಬೆರಳಿನ ಗುರುತಿನ ಪಕ್ಕದಲ್ಲಿ, ಪೆನ್ನು ಹಿಡಿಯುವವರಿಗೆ ಗಂಟು ಬೀಳುವ ಜಾಗದಲ್ಲೇ, ಒಂದು ಸಣ್ಣ ಗುಳಿ ಇತ್ತು. ಬೆರಳಿಟ್ಟು ನೋಡಿದ್ದೇನೆ.