ತಿಪ್ಪಮ್ಮನ ಮಗ್ಗ

ಕೊನೇ ಬಸ್ಸಿಳಿದು ದೇವಸಮುದ್ರದ ಆಲದಮರ ದಾಟುವಾಗ ಯಾರಾದ್ರೂ ದೆವ್ವಕ್ಕೆ ಹೆದರಿ ಹಿಂದಕ್ಕೆ ತಿರುಗಿ ನೋಡಿದ್ರೆ ನನಗೆ ನಗು ಬರ್ತೈತೆ. ಅದೇ ಮರದ ಬುಡದಲ್ಲಿ ಕಂಬಳಿ ಹಾಸಿ ಗೊರಕೆ ಹೊಡೆದೋನು ನಾನು, ಮಲ್ಲಿಕ್. ಸುತ್ತಲ ಹಳ್ಳಿಲಿ ನನ್ನಂಥ ಎದೆಗಾರ ಇದ್ರೆ ಕರ್ಕೊಂಡ್ ಬನ್ನಿ. ಆದ್ರೆ ಕತ್ತಲಾದ್ಮೇಲೆ ಮಗ್ಗದ ಸದ್ದು ಕೇಳಿದ್ರೆ... ನಾನೂ ಬೇರೆ ಓಣಿ ಹಿಡೀತೀನಿ.

ಎರಡು ಸಾವಿರದ ಮೂರನೇ ಇಸವಿ. ಮೊಳಕಾಲ್ಮೂರಿನ ಕೋಟೆ ಬೀದಿಲಿ ಟೀವಿ ಸೀರಿಯಲ್ ಶೂಟಿಂಗ್ ಆಗಿತ್ತು. ನೇಕಾರರ ಮನೆ ಹುಡುಗಿ ಕತೆ. ಅದು ಟೀವಿಲಿ ಬರೋಕೆ ಶುರುವಾದದ್ದೇ ತಡ, ಜನ ಆ ಜಾಗ ನೋಡೋಕೆ ಬರೋರು. ಕಾಲ್ನಡಿಗೆಲಿ ಸುತ್ತಿಸಿ ತೋರ್ಸೋನು ನನ್ನ ಗೆಳೆಯ ರವಿತೇಜ, ಅದೇ ಬೀದಿ ನೇಕಾರ. ಜೊತೆಗೆ ನಾನು. ಸಂತೆ ಸೀನಿನಲ್ಲಿ ನನ್ನ ಬೆನ್ನು ಬಂದೈತೆ, ಸುಳ್ಳಲ್ಲ.

ಅವತ್ತು ಚಳ್ಳಕೆರೆಯಿಂದ ನಮ್ಮ ಚಿಕ್ಕವ್ವ ಸುಲೋಚನಮ್ಮ ಬಂದಿದ್ಳು.

"ಇದೇ ನೋಡ್ರಿ, ಹೀರೋಯಿನ್ ಕೂತು ಅತ್ತ ಬಾವಿ," ಅಂದ ರವಿತೇಜ.

"ಇದಾ? ಟೀವಿಲಿ ಎಷ್ಟು ದೊಡ್ಡದಿತ್ತು! ನಮ್ಮನೆ ಸಂಪು ಇದಕ್ಕಿಂತ ಆಳ ಐತೆ."

"ನಿಮ್ಮ ಸಂಪಿನ ಹತ್ರ ಯಾರೂ ಅತ್ತಿಲ್ಲ ಬಿಡು ಚಿಕ್ಕವ್ವ," ಅಂದೆ.

ಸೀರಿಯಲ್ಲಿನ ಕಳ್ಳ ಹಾರಿದ ಕೋಟೆ ಗೋಡೆ, ಗುಡಿ ಮೆಟ್ಟಿಲು ಎಲ್ಲಾ ತೋರ್ಸಿ, ಕೊನೆಗೆ ರವಿತೇಜನ ಮನೆಗೆ ಬಂದ್ವಿ. ಹೊತ್ತು ಮುಳುಗಿತ್ತು. ನಡುಮನೇಲಿ ಗುಂಡಿ ಮಗ್ಗ, ನೆಲದ ಗುಂಡಿಗೆ ಕಾಲು ಬಿಟ್ಟು ನೇಯೋದು. ಅವನ ಅಮ್ಮ ತಿಪ್ಪಮ್ಮನದು. ಮಗಳು ವೀಣಾನ ಧಾರೆ ಸೀರೆ ನೇಯ್ತಾ ನೇಯ್ತಾನೇ ಆಯಮ್ಮ ತೀರ್ಕೊಂಡಿದ್ಳು. ನೇಯೋರು ಸತ್ರೆ ಹನ್ನೊಂದನೇ ದಿನದೊಳಗೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಕತ್ತರಿಸಿ ಮಗ್ಗ ಬಿಡುಗಡೆ ಮಾಡ್ಬೇಕು, ಅದು ಅವರ ಮನೆತನದ ಪದ್ಧತಿ. ಅಷ್ಟರಲ್ಲಿ ಶೂಟಿಂಗಿನೋರು ಬಂದ್ರು. ಅರ್ಧ ನೇಯ್ದ ಸೀರೆ ಕ್ಯಾಮೆರಾಕ್ಕೆ ಚಂದ, ಹಂಗೇ ಇರ್ಲಿ ಅಂದ್ರು. ರವಿತೇಜ ಹಂಗೇ ಬಿಟ್ಟ. ಆಮೇಲೆ ನೋಡೋ ಜನ ಬಂದ್ರು. ಅವರಿಗೋಸ್ಕರಾನೂ ಹಂಗೇ ಬಿಟ್ಟ.

"ಒಂದು ಫೋಟೋ ಹೊಡಿಯೋ ಮಲ್ಲಿಕ್," ಅಂತ ಚಿಕ್ಕವ್ವ ಮಗ್ಗದ ಮುಂದೆ ಕೂತ್ಳು.

ಒಳಗಿಂದ ವೀಣಾ ಬಂದ್ಳು. ಕೆನ್ನೆ ಒಳಗೆ ಹೋಗಿತ್ತು. "ಕೂರಬ್ಯಾಡ್ರಿ ಅಮ್ಮಾರೆ. ಅಮ್ಮನ ಜಾಗ ಅದು."

"ಒಂದು ಗಳಿಗೆ ಕಣಮ್ಮಾ," ಅಂತ ಚಿಕ್ಕವ್ವ ಕಾಲು ಗುಂಡಿಗೆ ಇಳಿಬಿಟ್ಳು. ಮರುಕ್ಷಣ ಮುಖದ ರಕ್ತಾನೇ ಇಳಿದೋಯ್ತು.

"ಮಲ್ಲಿಕ್..." ಪಿಸುಗುಟ್ಟಿದ್ಳು. "ತುಳಿಯೋ ಹಲಗೆ ಮೇಲೆ... ಆಗ್ಲೇ ಒಂದು ಪಾದ ಐತೆ ಕಣೋ."

ಚಿಕ್ಕವ್ವನ್ನ ಎಳ್ಕೊಂಡು ಹೊರಗೆ ಕೂರಿಸಿ ಒಳಗೆ ಬಂದೆ. ಅಷ್ಟರಲ್ಲಿ ಕರೆಂಟ್ ಹೋಯ್ತು.

ಸರ್ರ್... ಧಡ್. ಧಡ್.

ನೂಲಿನ ಲಾಳಿ ಓಡಿದ ಸದ್ದು. ಆಮೇಲೆ ಅಡ್ಡ ಹೊಕ್ಕಿನ ಎಳೆ ಬಡಿದ ಸದ್ದು.

ಸರ್ರ್... ಧಡ್. ಧಡ್.

"ವಸ್ತುನ್ನಾ ಅಮ್ಮಾ," ಅಂದ್ಳು ವೀಣಾ, ಅವರ ಮನೆ ತೆಲುಗಲ್ಲಿ ಬಂದೆ ಅಂತ. ಕತ್ತಲಲ್ಲೇ ಮಗ್ಗದ ಕಡೆ ನಡೆದ್ಳು. ರವಿತೇಜ ತಬ್ಬಿ ಹಿಡಿದ. ನಾನು ಕೈ ಹಿಡಿದೆ. ಮಡಕೆ ನೀರಿನಷ್ಟು ತಣ್ಣಗಿತ್ತು.

"ಏನ್ಲೇ ಇದು?" ಅಂದೆ.

"ಎಳೆ ಕಡಿದೈತೆ, ಗಂಟು ಹಾಕು ಬಾ ಅಂತ ಅಮ್ಮ ದಿನಾ ಕರೀತಾಳಂತೆ," ಅಂದ ರವಿತೇಜ. "ಇವಳು ಬೆಳಗಿನ ತನಕ ಅಲ್ಲೇ ಕೂರ್ತಾಳೆ. ಅನ್ನ ಮುಟ್ಟಲ್ಲ. ಟೀವಿಲಿ ಬಂದಾಗ ಸೆರಗಿಗೆ ಇನ್ನೂ ಒಂದು ಮೊಳ ಬಾಕಿ ಇತ್ತು ಮಲ್ಲಿಕ್. ಈಗ ಕೊನೇ ಸಾಲಿನ ನವಿಲಲ್ಲಿ ಚೂರಷ್ಟೇ ಬಾಕಿ. ಇವಳಿಗೆ ಲಾಳಿ ಹಿಡಿಯೋಕೇ ಬರಲ್ಲ..."

"ಅದು ಮುಗಿದ್ರೆ?"

ಅವನು ತಂಗೀನ ಇನ್ನೂ ಬಿಗಿಯಾಗಿ ತಬ್ಕೊಂಡ. ವೀಣಾನ ಉಸಿರು ಸಣ್ಣದಾಗ್ತಿತ್ತು.

"ಕಡಿಯೋ ಲೇ! ಟೀವಿ ದೊಡ್ಡದಾ, ತಂಗಿ ದೊಡ್ಡೋಳಾ?" ಅಂದೆ.

ಅವಳನ್ನ ನನ್ನ ತೋಳಿಗೆ ಬಿಟ್ಟು ರವಿತೇಜ ಕತ್ತರಿ ತಗೊಂಡ. "ಕ್ಷಮಿಸು ಅಮ್ಮಾ," ಅಂದ. ಪಟ್... ಪಟ್... ಪಟಪಟಪಟ... ಬಿಗಿದ ರೇಷ್ಮೆ ಎಳೆ ಒಂದೊಂದಾಗಿ ಸಿಡಿದವು. ಲಾಳಿ ನೆಲಕ್ಕೆ ಬಿದ್ದು ಟಣ್ ಅಂತು. ಆಮೇಲೆ ಗುಂಡಿಯೊಳಗಿಂದ ಯಾರೋ ನಿಧಾನಕ್ಕೆ ಎದ್ದ ಹಂಗೆ ಮಂಡಿ ಲಟಕ್ ಅಂದದ್ದು... ನಾನು ಕೇಳಿದೀನಿ.

ವೀಣಾ ಕಣ್ಣು ಬಿಟ್ಟು, "ಅಣ್ಣಾ, ಹಸಿವು," ಅಂದ್ಳು.

ಕರೆಂಟ್ ಬಂದ್ಮೇಲೆ ಮಗ್ಗದಿಂದ ಸೀರೆ ಬಿಚ್ಚಿ ನೋಡಿದ್ವಿ. ಕೊನೇ ಸಾಲಿನ ನವಿಲುಗಳಿಗೆ ತಲೆ ಇಲ್ಲ. ಕತ್ತರಿ ಕುತ್ತಿಗೆಗೇ ಬಿದ್ದಿತ್ತು. ಸುಟ್ಟುಬಿಡು ಅಂದೆ. ವೀಣಾ ಕೊಡ್ಲಿಲ್ಲ. ಮಡಿಚಿ ಟ್ರಂಕಿಗೆ ಹಾಕಿ ಬೀಗ ಜಡಿದ್ಳು. ಮರುದಿನವೇ ರವಿತೇಜ ಮಗ್ಗ ಬಿಚ್ಚಿ ಗುಂಡಿಗೆ ಮಣ್ಣು ತುಂಬಿಸ್ದ. ಮಣ್ಣು ಹೊತ್ತೋನು ನಾನೇ.

ಮುಂದಿನ ತಿಂಗಳು ವೀಣಾನ ಮದುವೆ. ಮುಹೂರ್ತದ ಬೆಳಿಗ್ಗೆ ಟ್ರಂಕ್ ತೆಗೆದು ಆ ಸೀರೆ ಉಡಿಸಿದ್ರು. ವೀಣಾ ಮೈಕೈ ತುಂಬ್ಕೊಂಡು ನಗ್ತಾ ಹಸೆಮಣೆ ಮೇಲೆ ಕೂತಿದ್ಳು. ಫೋಟೋ ಹೊಡೆಯೋಕೆ ಸೆರಗು ಸರಿ ಮಾಡಮ್ಮ ಅಂತ ಹತ್ರ ಹೋದೆ.

ಎಲ್ಲಾ ನವಿಲಿಗೂ ತಲೆ ಇತ್ತು.

ಬೆರಳಿಟ್ಟು ಮುಟ್ಟಿ ನೋಡಿದೀನಿ. ಹೊಲಿಗೆ ಅಲ್ಲ, ನೇಯ್ಗೆ. ಯಾರು ಏನೇ ಅನ್ಲಿ, ಮುಟ್ಟಿದೋನು ನಾನು.