ನಲವತ್ತನಾಲ್ಕರ ಪಿಸ್ತೂಲು

ಮಧ್ಯಾಹ್ನ ಮೂರಕ್ಕೆ ಹಿಡಿದ ಮಳೆ ಬಿಡುವಂತೆ ಕಾಣಲಿಲ್ಲ. ಮಾನ್ವಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಕರೆಂಟು ಹೋಗಿ ಯಂತ್ರಗಳು ನಿಂತವು. ಕೆಲಸದವರೆಲ್ಲ ಚೀಲಗಳ ಮೇಲೆ ಕುಳಿತು ಕಾವಲುಗಾರ ಗಡಿಗೆಪ್ಪನಿಗೆ ಕತೆ ಹೇಳೆಂದು ಗಂಟುಬಿದ್ದರು. ಮುದುಕ ಹಿಂದೆ ರಾಯಚೂರಿನ ಪೊಲೀಸ್ ಇಲಾಖೆಯಲ್ಲಿ ಬಂದೂಕು ದುರಸ್ತಿ ಮಾಡುತ್ತಿದ್ದವನು. ಬೀಡಿ ಹಚ್ಚಿ ಶುರುಮಾಡಿದ.

"ಹದಿನಾರು ವರ್ಷದ ಹಿಂದಿನ ಮಾತು. ಎಲೆಕ್ಷನ್ ಅಂತ ದೇವದುರ್ಗದಾಗ ಬಂದೂಕೆಲ್ಲ ಜಮಾ ಮಾಡಾಕತ್ತಿದ್ರು, ತಪಾಸಣಿಗೆ ನನ್ನ ಕಳಿಸಿದ್ರು. ಹುಲಗೆಮ್ಮ ಅಂತ ಒಬ್ಬ ಮುದುಕಿ ಸೆರಗಿನಾಗ ಪಿಸ್ತೂಲು ಸುತ್ತಿಕೊಂಡು ಬಂದ್ಲು... 'ನಮ್ಮಣ್ಣ ಅಯ್ಯಪ್ಪಂದು, ಯಪ್ಪಾ. ಮಿಲಿಟ್ರ್ಯಾಗ ಇದ್ದ. ನಲವತ್ತೆರಡರಾಗ ಸತ್ತನಂತ ತಾರು ಬಂತು, ಹಿಂದ ಪೆಟಿಗಿ ಬಂತು. ಇದು ಅದರಾಗ ಇತ್ತು' ಅಂದ್ಲು. ಎಣ್ಣಿ ಅರಿವಿಲೆ ತಿಕ್ಕಿದೆ. ತುಕ್ಕಿನ ಕೆಳಗ ಮೂರು ಅಕ್ಷರ ಎದ್ವು. ಬಿ, ವೈ, ಎಫ್."

"ಹಂಗಂದ್ರ ಏನ್ರಿ ಕಾಕಾ?" ಅಕ್ಕಿ ಆರಿಸುವ ನೇತ್ರಾವತಿ ಕೇಳಿದಳು.

"ಯುದ್ಧದಾಗ ಜರ್ಮನ್ನರು ಕಾರ್ಖಾನಿ ಹೆಸರು ಬರೀತಿದ್ದಿಲ್ಲವ್ವ. ವೈರಿಗೆ ತಿಳೀಬಾರದಂತ ಗುಟ್ಟಿನ ಅಕ್ಷರ ಒತ್ತತಿದ್ರು. ಕೆಳಗ ಇಸವಿ. ಅಲ್ಲಿ ಏನಿತ್ತು ಹೇಳು? ನಲವತ್ತನಾಲ್ಕು... ನಲವತ್ತೆರಡರಾಗ ಸತ್ತಾಂವನ ಪೆಟಿಗ್ಯಾಗ ನಲವತ್ತನಾಲ್ಕರಾಗ ಮಾಡಿದ ಪಿಸ್ತೂಲು ಹೆಂಗ ಬರ್ತದ?"

ಆ ದಿನ ತಾನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತೆಂದು ಗಡಿಗೆಪ್ಪನಿಗೆ ಈಗಲೂ ಅನಿಸುತ್ತಿತ್ತು.

"ಹೇಳಿಬಿಟ್ಟೆ. ಮುದುಕಿ ಆ ಇಸವಿ ಮ್ಯಾಲ ಬೆರಳಾಡಿಸಿದ್ಲು. 'ಹಂಗಾರ ನಮ್ಮವ್ವ ಹೇಳಿದ್ದು ಖರೆ' ಅಂದ್ಲು. ಯುದ್ಧ ಮುಗಿದ ವರ್ಷ, ಮಳಿಗಾಲದಾಗ, ತಾಯಿ ಒಬ್ಬಾಕಿನೇ ಇದ್ದಾಗ ಆ ಸತ್ತ ಮಗ ಬಂದಿದ್ನಂತ. ತೊಯ್ದ ಬಟ್ಟಿ, ಕಾಲಾಗ ಬೂಟು. ಉಂಡನಂತ. 'ಇದನ್ನ ಇಟ್ಟಿರು ಯವ್ವಾ, ಯಾರಿಗೂ ಕೊಡಬ್ಯಾಡ, ಬಂದು ಒಯ್ತೀನಿ' ಅಂತ ಪಿಸ್ತೂಲು ಕೊಟ್ಟು ಹ್ವಾದನಂತ. ಯಾರು ನಂಬ್ತಾರ? ಪೆಟಿಗ್ಯಾಗ ಬಂದದ್ದನ್ನ ಹಿಡಕೊಂಡು ಹುಚ್ಚಿ ಆಗ್ಯಾಳ ಅಂದ್ರು. ಮಗಳು ಹುಲಗೆಮ್ಮನೂ ಅಂದ್ಲು. ದಿನಾ ಎರಡು ತಾಟು ಹಚ್ಚಿಕೊಂಡು ಕುಂತು ಕುಂತು, ಆ ತಾಯಿ ಒಬ್ಬಾಕಿನೇ ಸತ್ಲು...

"'ತಿರುಗಿ ಕೊಡ್ರಿ ಯಪ್ಪಾ' ಅಂತ ಹುಲಗೆಮ್ಮ ನನ್ನ ಕಾಲು ಹಿಡಿದ್ಲು. ಲೈಸನ್ಸ್ ಇಲ್ಲ, ಹೆಂಗ ಕೊಡ್ಲಿ? ರಾಯಚೂರಿಗೆ ತಂದು, ಹುಕುಂ ಬಂದ ಮ್ಯಾಲ, ಈ ಕೈಲೆ ಗರಗಸ ಹಿಡಿದು ಮೂರು ತುಂಡು ಮಾಡ್ದೆ."

ಬೀಡಿ ಆರಿಹೋಗಿತ್ತು. ಅವನು ಮತ್ತೆ ಹಚ್ಚಲಿಲ್ಲ.

"ಮುಂದಿನ ಮಳಿಗಾಲಕ್ಕ ಮನಸು ತಡೀಲಾರದ ಆಕಿ ಮನಿಗೆ ಹ್ವಾದೆ. ಕಟ್ಟಿ ಮ್ಯಾಲ ಕುಂತಿದ್ಲು. 'ಅಣ್ಣ ಬಂದಿದ್ದ. ಕೊಟ್ಟದ್ದು ಎಲ್ಲಿ ಅಂತ ಕೇಳ್ದ. ನಿನ್ನ ಹೆಸರು ಹೇಳೀನಿ, ಯಪ್ಪಾ, ತಪ್ಪು ತಿಳೀಬ್ಯಾಡ. ಅವ್ವನ್ನಂತೂ ನಂಬಲಿಲ್ಲ... ಅವಂಗ ಸುಳ್ಳು ಹೆಂಗ ಹೇಳ್ಲಿ?' ಅಂದ್ಲು. ಅದೇ ತಿಂಗಳು ಆಕಿನೂ ಹ್ವಾದ್ಲು."

"ನಿಮ್ಮ ಮನಿಗೆ ಬಂದನೇನ್ರಿ?" ನೇತ್ರಾವತಿಯ ದನಿ ಇಳಿದಿತ್ತು.

"ನನ್ನ ಹೇಣ್ತಿ ಸತ್ತು ಒಂಬತ್ತು ವರ್ಷ ಆತು. ಮನ್ಯಾಗ ನಾನೊಬ್ಬನೇ. ಕೀಲಿ ಹಾಕೇ ಬರ್ತೀನಿ. ಮಳಿ ಬಂದ ದಿನ ಮಾತ್ರ ಕೀಲಿ ತೆಗೆದ್ರೂ ಬಾಗಲಾ ಸರಿಯಂಗಿಲ್ಲ... ಒಳಗಿಂದ ಚಿಲಕ ಹಾಕಿರ್ತದ. ಮೊದಲು ಹೆದರತಿದ್ದೆ, ಹೊರಗ ಮಲಗತಿದ್ದೆ. ಈಗ ಬಾಗಲಾ ಬಡದು, 'ನಾನಪ್ಪ, ಗಡಿಗೆಪ್ಪ' ಅಂತೀನಿ."

ಮುದುಕ ಕೊಡೆ ಹುಡುಕುತ್ತ ಎದ್ದ.

"ತೆಗೀತಾನ."