ಅಣ್ಣನ ಇಂಗ್ಲಿಷ್ ಪರೀಕ್ಷೆ

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಸುಂಕಲಮ್ಮ ಗಂಡನ ಜೊತೆ ಕೂತು ಮುತ್ತುಗದೆಲೆಗಳನ್ನು ಕಡ್ಡಿಯಿಂದ ಚುಚ್ಚಿ ಊಟದೆಲೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಒಬ್ಬ ಕಾಲೇಜು ಹುಡುಗ, ಅವನ ತಂಗಿ ಇಂಗ್ಲಿಷ್ ಪುಸ್ತಕ ಹಿಡಿದು ಜಗಳವಾಡುತ್ತಿದ್ದರು.

“ಈ ಪಾಠದಾಗೆ ಮುದುಕಿ ಬಾವಿ ಮುಚ್ಚಿಸಿದ್ದು ಯಾಕೆ? ಓದಿ ಹೇಳಣ್ಣ.”

“ನೀರು ಬತ್ತಿತ್ತು.”

“ಮೊಮ್ಮಗ ಬಿದ್ದಿದ್ದ ಅಂತ ಬರೆದೈತಲ್ಲ! ಎರಡು ಸಲ ಫೇಲಾದ್ರೂ ಊಹೆ ಬಿಡಲ್ಲ ನೀನು.”

“ಬಾಯಿ ಮುಚ್ಚೇ! ನಿಂಗೇನು ಗೊತ್ತು?”

“ಗೊತ್ತಿಲ್ದೇನೇ ಹೇಳಿಕೊಡ್ತಿದೀನಾ? ಅಪ್ಪಯ್ಯ ನನ್ನ ಓದು ಬಿಡಿಸಿದ್ದು ನಿಂಗೆ ಪಾಠ ಹೇಳೋಕಾ?”

“ಹಂಗಾದ್ರೆ ಪರೀಕ್ಷೆ ನೀನೇ ಬರಿ ಹೋಗು!”

“ಅಪ್ಪಯ್ಯ ಕಳಿಸ್ಲಿ, ಬರೀತೀನಿ!”

ಶಿವಮೊಗ್ಗದ ಬಸ್ಸು ಬಂತು. ಅವನು ಪುಸ್ತಕ ಕಿತ್ತುಕೊಂಡು ಹತ್ತಿದ. ಅವಳು ತಿರುಗಿಯೂ ನೋಡದೆ ಮನೆಯ ಕಡೆ ನಡೆದಳು.

ಹೋದ ತಿಂಗಳು ಗಂಡ ತಮ್ಮ ಮಗಳ ಶಾಲೆ ಬಿಡಿಸಿದಾಗ ಸುಂಕಲಮ್ಮನೂ ಹೂಂ ಅಂದಿದ್ದಳು. ನಾಳೆ ತಾನೇ ಮಗಳನ್ನು ಶಾಲೆಗೆ ಕರೆದೊಯ್ಯುವುದೆಂದು ಈಗ ನಿಶ್ಚಯಿಸಿದಳು.

“ಏನೇ ಯೋಚ್ನೆ?” ಎಂದ ಗಂಡ.

“ಎಲೆ ಚುಚ್ಚೋ ಕಡ್ಡಿ ಮುಗೀತು,” ಎಂದಳು.